ಮನೆಯ ಗಾಜಿನ ತೊಟ್ಟಿಯಲ್ಲಿ ಕಲ್ಲುಹವಳ
(ಹೊಸಹಳ್ಳಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನೀಲಿ ದೀಪದ ಕೆಳಗೆ ಹೊಳೆಯುವ ಜೀವಂತ ಹವಳದ ಚಿತ್ರವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿರುತ್ತೀರಿ. ಅದನ್ನು ಮನೆಯಲ್ಲಿ ಸಾಕಬಹುದೇ ಎಂದು ಕೇಳುವ ಹುಡುಗರು ನಮ್ಮಲ್ಲಿ ಇದ್ದಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ವಿಜ್ಞಾನ ಕೊಡುವ ಉತ್ತರ ಒಂದು, ಕಾನೂನು ಕೊಡುವ ಉತ್ತರ ಇನ್ನೊಂದು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಮನೆಗಳಲ್ಲಿ ಮರ್ಜಾನ್ ಅಥವಾ ಮೂಂಗಾ ಎಂದು ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಗುಂಪಿನದು. ದಿಬ್ಬ ಕಟ್ಟುವುದು ಕಲ್ಲುಹವಳ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒಟ್ಟಾಗಿ ಬಾಳುತ್ತಾ, ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಹೀರಿ ತಮ್ಮ ಅಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಒಂದೇ ಕೋಶದ ಪಾಚಿ ಇರುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ, ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಬಾಡಿಗೆ ಕಟ್ಟುತ್ತದೆ. ನೀರು ಹೆಚ್ಚು ಬಿಸಿಯಾದರೆ ಈ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಇನ್ನು ಇದನ್ನು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮ ಹೊಸಹಳ್ಳಿಯ ಮನೆಯೊಂದರಲ್ಲಿ ಊಹಿಸಿಕೊಳ್ಳಿ. ಲೀಟರಿಗೆ ಸುಮಾರು 35 ಗ್ರಾಂ ಲವಣ ಬೇಕು. ಅಡುಗೆ ಉಪ್ಪು ನಡೆಯದು, ಸಮುದ್ರದ ಎಲ್ಲ ಲವಣಗಳ ಮಿಶ್ರಣವೇ ಆಗಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಿನಲ್ಲಿ ಗಡಸುತನ; ಆದ್ದರಿಂದ ಮೊದಲು ಆರ್.ಓ. ಯಂತ್ರದಲ್ಲಿ ಶುದ್ಧ ಮಾಡಬೇಕು. ಉಷ್ಣತೆ 25–26 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತ್ತು, ನೆನಪಿದೆಯಲ್ಲ? ಚಿಲ್ಲರ್ ಇಲ್ಲದೆ ಆಗದು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿನ ಓಟ ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ. ಮಕ್ಕಳ ಪರೀಕ್ಷೆಗೆಂದು ಇಟ್ಟ ಯು.ಪಿ.ಎಸ್. ತೊಟ್ಟಿಗೆ ಹೋಗುತ್ತದೆ!

ಎಲ್ಲಕ್ಕಿಂತ ಕಷ್ಟದ್ದು ಕ್ಯಾಲ್ಸಿಯಂ ಲೆಕ್ಕ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 410 ಮಿಲಿಗ್ರಾಂ. ಬೆಳೆಯುವ ಹವಳ ದಿನವೂ ಅದರಿಂದ ತೆಗೆದುಕೊಳ್ಳುತ್ತಲೇ ಇರುತ್ತದೆ. ಸಾಗರದಲ್ಲಿ ಆ ಕೊರತೆ ಕಾಣುವುದಿಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಅಳೆದು ಅಳೆದು ತುಂಬಬೇಕು, ಕ್ಷಾರತೆಯನ್ನೂ ಜೊತೆಗೇ ಕಾಯಬೇಕು. ಹದಿನೈದು ದಿನ ಊರಿಗೆ ಹೋಗುವವರಿಗೆ ಇದು ಆಗುವ ಕೆಲಸವಲ್ಲ.

ಇಷ್ಟೆಲ್ಲ ಮಾಡುವ ಶಕ್ತಿ ಇದೆ ಎನ್ನುವವರು ಈಗ ಕಾನೂನಿನ ಮಾತು ಕೇಳಿ. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ನಮ್ಮ ಸಮುದ್ರದಿಂದ ಹವಳ ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಕನಿಷ್ಠ ಮೂರು ವರ್ಷ ಸೆರೆ, ಜೊತೆಗೆ ದಂಡ. ಷೋಕೇಸಿನಲ್ಲಿಡುವ ಸತ್ತ ಬಿಳಿ ಹವಳಕ್ಕೂ ರಿಯಾಯಿತಿ ಇಲ್ಲ. ಅಂಗಡಿಯವರು 'ಲೈವ್ ರಾಕ್' ಎಂದು ಕೊಡುವ ಕಲ್ಲು ಕೂಡ ಎಷ್ಟೋ ಸಲ ಹವಳದ ತುಂಡೇ. "ಎಲ್ಲರೂ ಇಡುತ್ತಾರೆ ಸಾರ್" ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ವಿದ್ಯಾರ್ಥಿಯಾದವನಿಗೆ ಒಂದು ಕೇಸು ಎಂದರೆ ಪಾಸ್‌ಪೋರ್ಟು, ನೌಕರಿ ಎಲ್ಲಕ್ಕೂ ತೊಡಕು.

ಕಾನೂನು ಇಷ್ಟು ಬಿಗಿಯಾಗಲು ಕಾರಣವಿದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳಿಚಿದ್ದವು. ನಾವು ಇಲ್ಲಿ ಬಿಸಿಲಿಗೆ ಬೆಂದ 2024ರಲ್ಲಿ ಮತ್ತೆ ಬಿಳಿಚಿದವು. ಅಲ್ಲಿ ಚಿಲ್ಲರ್ ಹಚ್ಚುವವರು ಯಾರು? ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ, ಅಲ್ಲಿನ ಜನರ ಮನೆ ಮಸೀದಿಗಳು ನಿಂತಿರುವುದೂ ಅದರ ಮೇಲೆಯೇ.

ಉಪ್ಪುನೀರಿನ ತೊಟ್ಟಿಯ ಆಸೆ ಬಿಡದವರು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಸಾಕಬಹುದು. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅದರ ಸಂತಾನೋತ್ಪತ್ತಿಯ ವಿಧಾನ ರೂಪಿಸಿದೆ. ಹವಳವನ್ನೇ ನೋಡಬೇಕು ಎನ್ನುವವರಿಗೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವಿದೆ. ಮುಳುಗಿ ನೋಡಿ, ಮುಟ್ಟಬೇಡಿ. ಪಿ.ಯು. ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ: ಮುಂದಿನ ವಾರ ನಿಮ್ಮ ಮನೆಯ ನಲ್ಲಿಯ ಒಂದು ಬಾಟಲಿ, ಬೋರ್‌ವೆಲ್‌ನ ಒಂದು ಬಾಟಲಿ ನೀರು ತನ್ನಿ. ಕಾಲೇಜಿನ ಪ್ರಯೋಗಾಲಯದಲ್ಲಿ ಇ.ಡಿ.ಟಿ.ಎ. ಟೈಟ್ರೇಷನ್ ಮಾಡಿ ಎರಡರ ಗಡಸುತನ ಅಳೆದು ಪಕ್ಕಪಕ್ಕ ಬರೆಯೋಣ.