ಮೂರ್ತಿ ಚಿಕ್ಕದಾದರೂ

ರೇಡಿಯೋ ಎಂಬ ಯಂತ್ರದಿಂದ ಲೋಕಕ್ಕೆ ಆಗಿರುವ ಉಪಕಾರಗಳನ್ನು ಅನೇಕರು ಬಣ್ಣಿಸಿದ್ದಾರೆ. ಅವರು ಹೇಳದೆ ಬಿಟ್ಟಿರುವ ಉಪಕಾರ ಒಂದುಂಟು. ಇದರಲ್ಲಿ ಮಾತನಾಡುವವನ ಎತ್ತರ ಕೇಳುವವರಿಗೆ ಕಾಣುವುದಿಲ್ಲ. ನಾವು ಇಲ್ಲಿ ಬಂದು ಕುಳಿತಾಗ ಧ್ವನಿಗ್ರಾಹಕವನ್ನು ಅದರ ಕಂಬದ ಮೇಲೆ ಒಂದು ಗೇಣಿನಷ್ಟು ಕೆಳಕ್ಕೆ ಇಳಿಸಬೇಕಾಯಿತು. ಆ ಸಂಗತಿ ನಮಗೂ ಅದನ್ನು ಇಳಿಸಿದ ಯುವಕರಿಗೂ ಮಾತ್ರ ಗೊತ್ತು. ನಾವಾಗಿ ಹೇಳದಿದ್ದರೆ ನೀವು ನಮ್ಮನ್ನು ಆರಡಿಯ ಆಜಾನುಬಾಹುವೆಂದು ಭಾವಿಸಿಕೊಂಡರೂ ತಡೆಯುವವರಿರಲಿಲ್ಲ. ಆದರೆ ಈ ದಿನದ ವಿಷಯವೇ ಅದಾಗಿರುವುದರಿಂದ ಮರೆಮಾಚುವ ಹಾಗಿಲ್ಲ. ನಮ್ಮ ಎತ್ತರ 5 ಅಡಿ 1 ಅಂಗುಲ. ಒಮ್ಮೆ ವೈದ್ಯರೊಬ್ಬರು ಒಂದೂಕಾಲು ಅಂಗುಲವೆಂದು ಬರೆದುಕೊಟ್ಟರು. ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ನಮ್ಮಂಥವರನ್ನು ಕರೆಯುವುದಕ್ಕೆ ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಕುಳ್ಳ, ಗಿಡ್ಡ, ಮೋಟ, ಗುಜ್ಜ. ಸ್ವಲ್ಪ ಓದಿದವರ ಬಾಯಲ್ಲಿ ಕುಬ್ಜ. ದೈವಭಕ್ತರ ಬಾಯಲ್ಲಿ ವಾಮನಮೂರ್ತಿ. ಇವುಗಳಲ್ಲಿ ಪ್ರತಿಯೊಂದನ್ನೂ ಒಂದಲ್ಲ ಒಂದು ಕಾಲದಲ್ಲಿ ನಾವು ಹೊತ್ತಿದ್ದೇವೆ. ಆದರೆ ಎತ್ತರವನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ದೋಷಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರೂ ಇಲ್ಲ. ಇಂಗ್ಲಿಷಿನಲ್ಲಿಯೂ ಬಹುಕಾಲ ಇರಲಿಲ್ಲ. ಸಾಲ್ ಫೆಲ್ಡ್‌ಮನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1971ರಲ್ಲಿ 'ಹೈಟಿಸಂ' ಎಂಬ ಮಾತನ್ನು ಮುಂದಿಟ್ಟು ಅದನ್ನು ಚರ್ಚಿಸಿದ. ರೋಗಕ್ಕಿಂತ ರೋಗಿಗೆ ಮೊದಲು ಹೆಸರಿಟ್ಟ ಸಂದರ್ಭ ವೈದ್ಯಶಾಸ್ತ್ರದಲ್ಲಿ ಎಲ್ಲಿಯಾದರೂ ಉಂಟೋ ನಾವರಿಯೆವು.

ಗಿಡ್ಡತನದ ಸಣ್ಣಪುಟ್ಟ ಕಷ್ಟಗಳನ್ನು ಹೇಳಿಕೊಳ್ಳುವುದಕ್ಕೆ ನಾವು ಬಂದಿಲ್ಲ. ಬಸ್ಸಿನ ಮೇಲುಕಂಬಿ ಕೈಗೆ ಎಟುಕುವುದಿಲ್ಲ. ಕಪ್ಪುಹಲಗೆಯ ಮೇಲಿನ ಮೂರನೆಯ ಒಂದು ಭಾಗ ನಮ್ಮ ತರಗತಿಯಲ್ಲಿ ಸದಾ ಹೊಸದಾಗಿಯೇ ಉಳಿದಿರುತ್ತದೆ. ಸಂಗೀತ ಕಚೇರಿಯಲ್ಲಿ ನಮ್ಮ ಮುಂದೆ ಕುಳಿತವರ ಬೆನ್ನಿನ ಪರಿಚಯ ನಮಗೆ ಆಗಿರುವಷ್ಟು ವಿದ್ವಾಂಸರ ಮುಖದ ಪರಿಚಯ ಆಗಿಲ್ಲ. ಇವೆಲ್ಲ ಒಂದು ಮಣೆಯಿಂದಲೋ ಸ್ಟೂಲಿನಿಂದಲೋ ತೀರುವ ತೊಂದರೆಗಳು. ಮೊದಲ ದಿನ ಪಾಠಕ್ಕೆ ಹೋದಾಗ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿದ್ದ ಜವಾನ, "ಹುಡುಗರು ಇಲ್ಲಿಗೆ ಬರಬಾರದಪ್ಪ" ಎಂದು ತಡೆದುದನ್ನೂ ನಾವು ಕಷ್ಟವೆಂದು ಎಣಿಸುವುದಿಲ್ಲ. ಆತ ಸಾಯುವವರೆಗೂ ನಮ್ಮನ್ನು ಕಂಡರೆ ನಾಚಿಕೊಳ್ಳುತ್ತಿದ್ದ; ನಮಗೆ ಆತನಲ್ಲಿ ಪ್ರೀತಿಯೇ ಬೆಳೆಯಿತು.

ಕಷ್ಟ ಬೇರೆ ಕಡೆ ಇದೆ. ಆ ಕೆಲಸಕ್ಕೆ ಮೊದಲು ಇನ್ನೊಂದು ಕಾಲೇಜಿನಲ್ಲಿ ಸಂದರ್ಶನಕ್ಕೆ ಹೋಗಿದ್ದೆವು. ಸಮಿತಿಯ ಹಿರಿಯರೊಬ್ಬರು ನಮ್ಮ ಪ್ರಮಾಣಪತ್ರಗಳನ್ನು ಸಾವಧಾನವಾಗಿ ನೋಡಿ ಮೆಚ್ಚಿದರು. ಆಮೇಲೆ ಕನ್ನಡಕವನ್ನು ತೆಗೆದು ನಮ್ಮನ್ನು ನೋಡಿದರು. "ಎಲ್ಲ ಸರಿ, ಆದರೆ ದೊಡ್ಡ ಹುಡುಗರ ತರಗತಿ. ಎದುರಿಗೆ ನಿಂತರೆ ಕಾಣುವಂತಿರಬೇಕಲ್ಲ" ಎಂದರು. ಅದರಲ್ಲಿ ಕುಹಕವಿರಲಿಲ್ಲ, ನಮ್ಮ ವಿಚಾರದಲ್ಲಿ ಮರುಕವೇ ಇತ್ತು. ಕುಹಕವಾಗಿದ್ದರೆ ಎದುರು ಮಾತನಾಡಬಹುದಾಗಿತ್ತು.

ಎದುರು ಮಾತನಾಡುವುದೂ ಅಷ್ಟು ಸುಲಭವಲ್ಲ ಎನ್ನಿ. ಎತ್ತರದವರು ಸಿಟ್ಟಾದರೆ ಲೋಕ ಅದನ್ನು ಪೌರುಷವೆನ್ನುತ್ತದೆ. ಗಿಡ್ಡನು ಸಿಟ್ಟಾದರೆ ಅದು ಅವನ ಎತ್ತರದ ಕೊರಗು. ಇದಕ್ಕೆ ನೆಪೋಲಿಯನ್ನನ ಹೆಸರನ್ನೂ ಸೇರಿಸುತ್ತಾರೆ. ಇದರಲ್ಲಿ ಒಂದು ವಿನೋದವಿದೆ. ನೆಪೋಲಿಯನ್ ಕುಳ್ಳನೇ ಅಲ್ಲ. ಅವನ ಎತ್ತರ 5 ಅಡಿ 2 ಅಂಗುಲವೆಂದು ದಾಖಲೆಯಾದದ್ದು ಹಳೆಯ ಫ್ರೆಂಚ್ ಅಳತೆಯಲ್ಲಿ. ಆ ಅಡಿ ಇಂಗ್ಲಿಷ್ ಅಡಿಗಿಂತ ದೊಡ್ಡದು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಐದೂವರೆ ಅಡಿ, ಆ ಕಾಲದ ಫ್ರೆಂಚರಲ್ಲಿ ಸಾಧಾರಣ ಎತ್ತರ. ಅವನನ್ನು ಮೊಳದುದ್ದದ ಮನುಷ್ಯನನ್ನಾಗಿ ಮಾಡಿದವರು ಜೇಮ್ಸ್ ಗಿಲ್‌ರೇ ಮೊದಲಾದ ಇಂಗ್ಲಿಷ್ ವ್ಯಂಗ್ಯಚಿತ್ರಕಾರರು. ಶತ್ರುವನ್ನು ಹೀಯಾಳಿಸಬೇಕೆಂದಾಗ ಅವನನ್ನು ಗಿಡ್ಡನನ್ನಾಗಿ ಬರೆದರೆ ಸಾಕೆಂದು ಅವರಿಗೆ ಹೊಳೆಯಿತು, ನೋಡಿದವರೆಲ್ಲರಿಗೂ ಅರ್ಥವಾಯಿತು. ಯುರೋಪನ್ನೇ ನಡುಗಿಸಿದವನಿಗೆ ಹೀಗಾದರೆ ಕಾಲೇಜಿನ ಉಪನ್ಯಾಸಕನ ಪಾಡೇನು?

ಮದುವೆಯ ಮಾತನ್ನು ಎತ್ತದಿದ್ದರೆ ಈ ವಿಷಯ ಪೂರ್ತಿಯಾಗುವುದಿಲ್ಲ. ವರನು ವಧುವಿಗಿಂತ ಎತ್ತರವಾಗಿರಬೇಕೆಂದು ಯಾವ ಧರ್ಮಶಾಸ್ತ್ರ ವಿಧಿಸಿದೆಯೋ ತಿಳಿಯದು. ಜಾತಕ ಕೂಡದಿದ್ದರೂ ಹೊಂದಿಸಿಕೊಳ್ಳುವ ಮನೆಗಳಲ್ಲಿ ಕೂಡ ಈ ಒಂದು ನಿಯಮಕ್ಕೆ ಭಂಗವಿಲ್ಲ. ಇದರಿಂದ ಗಿಡ್ಡ ಗಂಡಿಗೆ ಆಗುವಷ್ಟೇ ಅನ್ಯಾಯ ಎತ್ತರದ ಹೆಣ್ಣಿಗೂ ಆಗುತ್ತದೆ. ಆಕೆಯ ಬೆನ್ನು ಹದಿನೈದನೆಯ ವಯಸ್ಸಿನಿಂದಲೇ ಬಾಗುವುದಕ್ಕೆ ಕಲಿಯುತ್ತದೆ. ನಮ್ಮ ಮನೆಯವರು ನಮಗಿಂತ ಒಂದೂವರೆ ಅಂಗುಲ ಎತ್ತರ. ಮದುವೆಯ ದಿನ ಛಾಯಾಚಿತ್ರ ತೆಗೆಯುವವರು ಬಹಳ ಹೊತ್ತು ಯೋಚಿಸಿ, ಕೊನೆಗೆ ಹಸೆಮಣೆಯನ್ನೇ ಎಳೆದು ತಂದು ನಮ್ಮ ಕಾಲಬುಡದಲ್ಲಿಟ್ಟರು. ಅದುವರೆಗೆ ನಮ್ಮೊಡನೆ ಒಂದು ಮಾತನ್ನೂ ಆಡದಿದ್ದ ಆಕೆ ತಲೆಯೆತ್ತದೆ, "ನಿಲ್ಲುವುದಾದರೆ ಇಬ್ಬರೂ ನೆಲದ ಮೇಲೇ ನಿಲ್ಲೋಣ" ಎಂದರು. ಆ ಚಿತ್ರ ನಮ್ಮ ನಡುಮನೆಯಲ್ಲಿದೆ. ಬಂದವರಲ್ಲಿ ಕೆಲವರು ಅದನ್ನು ನೋಡಿ ಏನೋ ಹೇಳಹೊರಟು ಕಾಫಿ ಕುಡಿಯುತ್ತಾರೆ.

ಎತ್ತರವೆಂಬುದು ಮನುಷ್ಯನ ಸಂಪಾದನೆಯಲ್ಲವೆಂದು ಎಲ್ಲರಿಗೂ ತಿಳಿದೇ ಇದೆ. ಒಬ್ಬ ವ್ಯಕ್ತಿಯ ವಿಚಾರದಲ್ಲಿ ಅದು ಬಹುಮಟ್ಟಿಗೆ ತಂದೆತಾಯಿಗಳ ದಾಯ. ಒಂದು ಜನಾಂಗದ ವಿಚಾರದಲ್ಲಿಯಾದರೆ ಬಾಲ್ಯದ ಅನ್ನ, ಹಾಲು, ರೋಗರುಜಿನಗಳ ಲೆಕ್ಕ. ಇಂದು ಲೋಕದಲ್ಲೆಲ್ಲ ಎತ್ತರವಾದವರೆನಿಸಿಕೊಂಡ ಡಚ್ಚರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ಗಿಡ್ಡರ ಸಾಲಿನಲ್ಲಿದ್ದರು. ದಕ್ಷಿಣ ಕೊರಿಯದ ಹೆಂಗಸರು ಒಂದೇ ಶತಮಾನದಲ್ಲಿ ಸರಾಸರಿ 20 ಸೆಂಟಿಮೀಟರು ಬೆಳೆದರೆಂದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಅದೇ ಅಧ್ಯಯನದ ಪ್ರಕಾರ 1996ರಲ್ಲಿ ಹುಟ್ಟಿದ ಭಾರತೀಯ ಗಂಡಸಿನ ಸರಾಸರಿ ಎತ್ತರ 164.9 ಸೆಂಟಿಮೀಟರು. ಇದನ್ನು ಇನ್ನೊಂದು ಅಂಕದ ಪಕ್ಕದಲ್ಲಿಟ್ಟು ನೋಡಬೇಕು. ಭಾರತದ ಪೋಲೀಸು ಸೇವೆಗೆ ಸೇರುವ ಗಂಡಸಿಗೆ ಸಾಮಾನ್ಯವಾಗಿ ವಿಧಿಸಿರುವ ಕನಿಷ್ಠ ಎತ್ತರ 165 ಸೆಂಟಿಮೀಟರು. ಎಂದರೆ ನಾಡಿನ ಗಂಡಸರಲ್ಲಿ ಹೆಚ್ಚುಕಡಮೆ ಅರ್ಧ ಮಂದಿ ಪರೀಕ್ಷೆಯ ಕಾಗದವನ್ನು ಮುಟ್ಟುವ ಮೊದಲೇ ಅಳತೆಯ ಕೋಲಿನಲ್ಲಿ ಸೋತವರು. ಗೂರ್ಖರು ಮೊದಲಾದ ಕೆಲವು ಜನರಿಗೆ ಈ ನಿಯಮವನ್ನು ಸಡಿಲಿಸಿದ್ದಾರೆ. ಶೌರ್ಯಕ್ಕೆ ಲೋಕದಲ್ಲೆಲ್ಲ ಹೆಸರಾದ ಜನಕ್ಕೇ ಸಡಿಲಿಕೆ ಬೇಕಾಯಿತೆಂದ ಮೇಲೆ ಆ ನಿಯಮ ಅಳೆಯುತ್ತಿರುವುದು ಏನನ್ನು? ಕಳ್ಳನನ್ನು ಓಡಿಹಿಡಿಯುವುದಕ್ಕೆ ಬಲವಾದ ಕಾಲು ಬೇಕು, ಒಪ್ಪುತ್ತೇವೆ; ಹಾಗಾದರೆ ಓಡಿಸಿಯೇ ನೋಡಬಹುದಲ್ಲ. ಅಮೆರಿಕದ ಮಿಚಿಗನ್ ಸಂಸ್ಥಾನ 1976ರಲ್ಲಿ ಮಾಡಿದ ಕಾನೂನು ಎತ್ತರದ ಕಾರಣದಿಂದ ಕೆಲಸದಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. ಅಂಥ ಕಾನೂನು ಮಾಡಿದ ನಾಡುಗಳು ಬೆರಳೆಣಿಕೆಯಷ್ಟು.

ಇಷ್ಟು ಹೇಳುವಷ್ಟರಲ್ಲಿ ಕೇಳುಗರಲ್ಲಿ ದಯಾಳುಗಳಾದವರು ಒಂದು ಗಾದೆಯನ್ನು ನೆನೆಸಿಕೊಂಡಿರುತ್ತಾರೆ. ನಮ್ಮ ಜೀವಮಾನದಲ್ಲಿ ಅದನ್ನು ನಾವು ಕೇಳಿರುವಷ್ಟು ಸಲ ಸುಪ್ರಭಾತವನ್ನೂ ಕೇಳಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು! ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನಡುವಣ ಆ 'ಆದರೂ' ಎಂಬ ಮಾತನ್ನು ಒಂದು ಗಳಿಗೆ ತಡೆದು ನೋಡಬೇಕು. ಚಿಕ್ಕದಾಗಿರುವುದು ಒಂದು ಸಾಲ, ಕೀರ್ತಿಯಿಂದ ಅದನ್ನು ತೀರಿಸಬೇಕು, ತೀರಿಸಿದವನಿಗೆ ರಸೀತಿ ಕೊಡುತ್ತೇವೆ ಎಂದು ಆ ಒಂದು ಮಾತು ಹೇಳುತ್ತದೆ. ಮೂರ್ತಿಯೂ ಚಿಕ್ಕದು, ಕೀರ್ತಿಯೂ ಇಲ್ಲ ಎಂಬವನ ಗತಿಯೇನು? ಲೋಕದಲ್ಲಿ ಅವನೇ ಹೆಚ್ಚು.

ಸಾಲ ತೀರಿಸಿದವರ ಪಟ್ಟಿ ನಮಗೂ ಬಾಯಿಪಾಠವಾಗಿದೆ. ಲಾಲ್ ಬಹಾದುರ್ ಶಾಸ್ತ್ರಿಗಳು ಐದು ಅಡಿಯನ್ನು ಸ್ವಲ್ಪವೇ ಮೀರಿದವರು. 1965ರ ಯುದ್ಧಕಾಲದಲ್ಲಿ ಅವರ ಧೈರ್ಯವನ್ನು ಕಂಡ ಮೇಲೆ ವಾಮನಮೂರ್ತಿ ಎಂಬ ಮಾತಿನ ಧ್ವನಿಯೇ ಬದಲಾಯಿತು. ಭದ್ರಾವತಿಯ ಗುಂಡಪ್ಪ ವಿಶ್ವನಾಥರು 1967ರಲ್ಲಿ ಮೈಸೂರಿನ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ 230 ಓಟಗಳನ್ನು ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದವರ ಎದುರು ಮೊದಲ ಟೆಸ್ಟನ್ನು ಆಡಿ, ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದರು. ಎತ್ತರದ ವೇಗದ ಬೌಲರುಗಳ ಚೆಂಡನ್ನು ಅವರು ಮಣಿಕಟ್ಟಿನ ಒಂದು ತಿರುವಿನಿಂದ ಗೆರೆಯಾಚೆ ಕಳುಹಿಸುವುದನ್ನು ಹಿರಿಯರು ಇಂದಿಗೂ ವರ್ಣಿಸುತ್ತಾರೆ. ನಮ್ಮ ಬಾಲ್ಯದಲ್ಲಿ ನಮಗೆ ಇದೊಂದು ದೊಡ್ಡ ಆಸರೆ. ಇನ್ನು ಹುಣಸೂರಿನ ದ್ವಾರಕೀಶರು ಮಾಡಿದ ಕೆಲಸವೇ ಬೇರೆ. ಜನ ಅಣಕಿಸುವ ಪದವನ್ನೇ ಅವರು ಗೋಡೆಯ ಮೇಲಿನ ಚಿತ್ರಪಟಕ್ಕೆ ಏರಿಸಿದರು. 1972ರಲ್ಲಿ 'ಕುಳ್ಳ ಏಜೆಂಟ್ 000', 1975ರಲ್ಲಿ 'ಕಳ್ಳ ಕುಳ್ಳ', 1984ರಲ್ಲಿ 'ಪ್ರಚಂಡ ಕುಳ್ಳ'. ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಆ ಚಿತ್ರಗಳು ಬಂದ ಊರುಗಳ ಶಾಲೆಗಳಲ್ಲಿ ನಮ್ಮಂಥ ಹುಡುಗರ ಹೆಸರು ಬದಲಾಯಿತೆಂಬುದನ್ನೂ ಹೇಳಬೇಕು. ನಮ್ಮ ಊರಿನ ಕಥೆಯಂತೂ ಹಾಗೆಯೇ ಆಯಿತು.

ಪುರಾಣಗಳಲ್ಲಿಯೂ ಆಸರೆಗೆ ಹುಡುಕಿದ್ದೇವೆ. ಬಾದಾಮಿಯ ಎರಡನೆಯ ಗುಹೆಯಲ್ಲಿ ಒಂದು ಕೆತ್ತನೆಯಿದೆ. ಕೊಡೆ ಹಿಡಿದ ಪುಟ್ಟ ವಾಮನ ಕೆಳಗೆ ನಿಂತಿದ್ದಾನೆ. ಪಕ್ಕದಲ್ಲಿ ಕಾಲೆತ್ತಿದ ತ್ರಿವಿಕ್ರಮ ಶಿಲೆಯನ್ನೆಲ್ಲ ತುಂಬಿದ್ದಾನೆ. ನೋಡಬಂದವರ ಕಣ್ಣು ಹೋಗುವುದು ಯಾವ ಕಡೆಗೆಂದು ಹೇಳಬೇಕಾದುದಿಲ್ಲ. ನಮ್ಮವನೊಬ್ಬ ದಶಾವತಾರದಲ್ಲಿ ಸೇರಿದನೆಂದು ಹೆಮ್ಮೆಪಡುವಷ್ಟರಲ್ಲಿ ಆತ ನಮ್ಮವನಾಗಿ ಉಳಿಯಲಿಲ್ಲ. ಗೆಲ್ಲುವ ಹೊತ್ತಿಗೆ ಬೆಳೆದುಬಿಟ್ಟ. ಆತನಿಗಿಂತ ಅಗಸ್ತ್ಯರು ನಮಗೆ ಹತ್ತಿರ. ತಮಿಳರು ಅವರನ್ನು ಕುಳ್ಳ ಮುನಿಯೆಂದೇ ಕರೆಯುತ್ತಾರೆ. ಎತ್ತರದ ಮದದಿಂದ ಸೂರ್ಯನ ದಾರಿಗೇ ಅಡ್ಡವಾಗಿ ಬೆಳೆಯುತ್ತಿದ್ದ ವಿಂಧ್ಯಪರ್ವತ ಅವರನ್ನು ಕಂಡು ಬಾಗಿತು; ನಾವು ದಕ್ಷಿಣದಿಂದ ಹಿಂದಿರುಗುವ ತನಕ ಹೀಗೆಯೇ ಇರಪ್ಪ ಎಂದು ಹೇಳಿ ಅವರು ಈ ಕಡೆ ಬಂದವರು ಮತ್ತೆ ಹೋಗಲೇ ಇಲ್ಲ. ಬೆಳೆಯುವ ಗೋಜಿಗೆ ಹೋಗದೆ ಗೆದ್ದವರು ಅವರೊಬ್ಬರೇ.

2004ರಲ್ಲಿ ನಿಕೊಲ ಪರ್ಸಿಕೊ ಮೊದಲಾದ ಮೂವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಒಂದು ಲೇಖನವನ್ನು ನಾವು ಓದಿದೆವು. ಎತ್ತರದವರಿಗೆ ಸಂಬಳ ಹೆಚ್ಚೆಂಬುದು ಹಳೆಯ ಸಂಗತಿ. ಇವರು ಬ್ರಿಟನ್ ಮತ್ತು ಅಮೆರಿಕದ ಗಂಡಸರ ಲೆಕ್ಕಗಳನ್ನು ತೆಗೆದುಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಇಂದು ಒಂದೇ ಎತ್ತರವಿರುವ ಇಬ್ಬರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಗಿಡ್ಡನಾಗಿದ್ದು ಆಮೇಲೆ ಬೆಳೆದವನ ಪಾಡೇನು? ಅವನ ಸಂಬಳ ಗಿಡ್ಡನ ಸಂಬಳವಾಗಿಯೇ ಉಳಿದಿತ್ತು! ಆ ವಯಸ್ಸಿನಲ್ಲಿ ಆಟದ ತಂಡಗಳಿಗೂ ಸಂಘಗಳಿಗೂ ಸೇರದೆ ಹಿಂದುಳಿದದ್ದು ಇದಕ್ಕೆ ಒಂದು ಕಾರಣವೆಂದು ಅವರ ಊಹೆ. ಬಾಲ್ಯದ ಪೋಷಣೆಯೇ ಎತ್ತರಕ್ಕೂ ಬುದ್ಧಿಗೂ ಮೂಲವೆಂದು ವಾದಿಸುವ ಪಂಡಿತರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಆ ಲೇಖನವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಏಕೆಂದರೆ ನಾವು ಪಾಠ ಹೇಳುವುದು ಹದಿನಾರು ಹದಿನೇಳರ ಹುಡುಗರಿಗೇ.

ಅದಕ್ಕೆ ಕೆಲವು ತಿಂಗಳ ಹಿಂದೆ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಒಬ್ಬನನ್ನು ಆರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕೊನೆಯಲ್ಲಿ ಉಳಿದವರು ಇಬ್ಬರು. ಒಬ್ಬ ಎತ್ತರದ ಹುಡುಗ, ಕಂಠ ಚೆನ್ನಾಗಿತ್ತು. ಇನ್ನೊಬ್ಬ ನಮ್ಮಷ್ಟೇ ಇದ್ದ. ವಾದ ಅವನದೇ ಒಂದು ತೂಕ ಮೇಲು. ನಾವು ಮೊದಲನೆಯವನನ್ನು ಆರಿಸಿದೆವು. ಎರಡನೆಯವನನ್ನು ಕರೆದು, ಬೆನ್ನು ತಟ್ಟಿ, ಕಾರಣವನ್ನೂ ಹೇಳಿದೆವು: "ದೊಡ್ಡ ಸಭೆಯಪ್ಪ. ವೇದಿಕೆಯ ಮೇಲೆ ನಿಂತರೆ ಕಾಣುವಂತಿರಬೇಕಲ್ಲ." ಹುಡುಗ "ಆಗಲಿ ಸಾರ್" ಎಂದ. ನಮ್ಮ ಕಣ್ಣಿಗೂ ಅವನ ಕಣ್ಣಿಗೂ ಒಂದೇ ಮಟ್ಟವಾದ್ದರಿಂದ ಬೇರೆ ಕಡೆ ನೋಡುವ ಅನುಕೂಲ ಇಬ್ಬರಿಗೂ ಇರಲಿಲ್ಲ. ಆ ವಾಕ್ಯ ಯಾರದೆಂದು ನಮಗೆ ಹೊಳೆದದ್ದು ಮನೆಗೆ ಬಂದು ಜೋಡು ಬಿಚ್ಚುವಾಗ.

ಹೋದ ವರ್ಷ ಆತ ಲಗ್ನಪತ್ರಿಕೆ ಕೊಡುವುದಕ್ಕೆ ಮನೆಗೆ ಬಂದಿದ್ದ. ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಕಾಫಿಯಾದ ಮೇಲೆ ನಾವೇ ಆ ಮಾತನ್ನು ಎತ್ತಿದೆವು. ಮರೆತಿರಬಹುದೆಂಬ ಆಸೆ ಒಳಗೆ ಇತ್ತು. "ನೆನಪಿದೆ ಸಾರ್, ಶನಿವಾರ, ಮೇಲಿನ ಕೊಠಡಿ" ಎಂದ. ಆಮೇಲೆ ಗೋಡೆಯ ಮೇಲಿನ ಛಾಯಾಚಿತ್ರವನ್ನು ಬಹಳ ಹೊತ್ತು ನೋಡಿದ. ನಮ್ಮ ಮನೆಯವರು ಹಸೆಮಣೆಯ ಕಥೆಯನ್ನು ಹೇಳಿದರು. ಅವನು ನಕ್ಕ, ನಾವೂ ನಕ್ಕೆವು, ಆದರೆ ಮೊದಲನೆಯ ಮಾತಿಗೆ ಅವನೂ ನಾವೂ ಹಿಂದಿರುಗಲಿಲ್ಲ.

ಈಗ ಚರ್ಚಾಸ್ಪರ್ಧೆಗೆ ಹುಡುಗರನ್ನು ಆರಿಸುವ ದಿನ ನಾವು ಕುರ್ಚಿಯನ್ನು ತಿರುಗಿಸಿ, ಗೋಡೆಯ ಕಡೆಗೆ ಮುಖ ಮಾಡಿ ಕುಳಿತುಕೊಳ್ಳುತ್ತೇವೆ. ಒಬ್ಬೊಬ್ಬರಾಗಿ ಬಂದು ನಮ್ಮ ಬೆನ್ನ ಹಿಂದೆ ಮಾತನಾಡಿ ಹೋಗುತ್ತಾರೆ. ಇದೇನು ಸಾರ್ ಎಂದು ಕೇಳಿದವರಿಗೆ, ಒಂದು ಕಿವಿ ಮಂದವಾಗಿದೆ, ಹೀಗೆ ಕುಳಿತರೆ ಚೆನ್ನಾಗಿ ಕೇಳಿಸುತ್ತದೆ ಎಂದು ಹೇಳಿದ್ದೇವೆ.