ಮಗುವಿಗೆ ಆಟವೇ ಕಾಯಕ



ಮೈಸೂರು ನಗರದಲ್ಲಿ ಶಿಶುವಿಹಾರಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಮಗು ಬರೆಯದೆ ಬರಿದೆ ಆಡಿತೆಂದರೆ ಹಣವೂ ಕಾಲವೂ ವ್ಯರ್ಥವಾದುವೆಂದು ಬಗೆಯುವ ತಾಯಿತಂದೆಗಳು ಬಹಳ. ಇದು ವಿಚಾರಿಸತಕ್ಕ ವಿಷಯವಾಗಿದೆ.

ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಬಲಿತಿರುವುದಿಲ್ಲ. ಬಲಾತ್ಕಾರದಿಂದ ಬರೆಯಿಸಿದರೆ ಕೈ ನೋಯುವುದು, ವಿದ್ಯೆಯಲ್ಲಿ ಬೇಸರ ಹುಟ್ಟುವುದು. ಅದೇ ಮಗು ಜೇಡಿಮಣ್ಣನ್ನು ನಾದಿ ಉಂಡೆ ಕಟ್ಟಿದರೆ ಬೆರಳುಗಳು ಬಲಗೊಂಡು ಬಳಪ ಹಿಡಿಯಲು ಅಣಿಯಾಗುವುವು. ಅಳಗುಳಿಮಣೆಯ ಕುಳಿಗಳಲ್ಲಿ ಹುಣಿಸೆಬೀಜಗಳನ್ನು ಒಂದೊಂದಾಗಿ ಬಿಡುವಾಗ ಎಣಿಕೆಯು ಕೈವಶವಾಗುವುದು. ಅಡಿಗೆಯ ಆಟದಲ್ಲಿ ಮಾತು ಬೆಳೆಯುವುದು. ಸರದಿಗಾಗಿ ಕಾಯುವಲ್ಲಿ ಸಂಯಮವೂ, ಹಂಚಿ ಬಡಿಸುವಲ್ಲಿ ದಾಸೋಹದ ಮೊದಲ ಪಾಠವೂ ದೊರೆಯುವುವು.

ಇದು ಹೊಸ ಮತವಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿಯೇ ಆಟವನ್ನು ತಳಹದಿಯಾಗಿಟ್ಟು ಶಿಶುಶಾಲೆಯನ್ನು ತೆರೆದನು. 1939ರಲ್ಲಿ ಮಾಂಟೆಸೊರಿಯವರು ಮದರಾಸಿನ ಅಡಿಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತರು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿದ್ದಿತು. ಮುಂದೆ ಅಂಗನವಾಡಿಗಳು ನಾಡೆಲ್ಲ ಹರಡಿದುವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಲಿಕೆಗೆ ಆಟವನ್ನೇ ಮುಖ್ಯಸಾಧನವೆಂದು ಎತ್ತಿಹಿಡಿದಿದೆ.

ಆಟವೆಂದರೆ ಮಗುವನ್ನು ಸುಮ್ಮನೆ ಬಿಟ್ಟುಬಿಡುವುದಲ್ಲ. ಸಾಮಗ್ರಿಯನ್ನು ಅಣಿಗೊಳಿಸಿ, ನೋಡುತ್ತಿದ್ದು, ಬೇಕಾದಾಗ ಮಾತ್ರ ಕೈನೀಡುವ ಉಪಾಧ್ಯಾಯಿನಿಯು ಅಲ್ಲಿರಬೇಕು. ದೊಡ್ಡವರಿಗೆ ದುಡಿಮೆಯು ಕಾಯಕವಾದಂತೆ ಮಗುವಿಗೆ ಆಟವೇ ಕಾಯಕ. ಅದನ್ನು ಕಿತ್ತುಕೊಂಡು ಅಕ್ಷರವನ್ನು ಹೇರುವುದು ಬೇರಿಲ್ಲದೆ ಫಲವನ್ನು ಬಯಸಿದಂತೆ. ಆದುದರಿಂದ ಭಕ್ತರು ದಿನಕ್ಕೆ ಅರ್ಧ ಗಂಟೆಯಾದರೂ ಅಳಗುಳಿಮಣೆಯ ಮುಂದೆ ಮಕ್ಕಳೊಡನೆ ತಾವೂ ಕುಳಿತುಕೊಳ್ಳಲಿ. ಶುಭಮಸ್ತು.