ಹಾಲಿನ ಯಂತ್ರದ ಸಣ್ಣ ಸ್ಟೀಲು ಭಾಗಗಳನ್ನು ಮಾಡಿಸುವ ಬಗೆ

(ಗೋಕಾಕ ಫಾಲ್ಸ್‌ನಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ)



ಮೇವು, ರೋಗ, ಹಾಲಿನ ದರ ಇವುಗಳ ಬಗ್ಗೆ ಮಾತನಾಡುವವರು ಬಹಳ ಜನ. ನಾನು ಹೆಬ್ಬೆರಳಿನಷ್ಟು ಸ್ಟೀಲು ತುಂಡಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಾಲು ಕರೆಯುವ ಯಂತ್ರದಲ್ಲಿ ನಾಲ್ಕೂ ಮೊಲೆಗಳ ಹಾಲು ಬಂದು ಕೂಡುವ ಕ್ಲಾದ ನಳಿಗೆ, ಬಕೆಟ್ ಮುಚ್ಚಳದ ನಳಿಗೆ, ಸಂಘದ ಬಲ್ಕ್ ಕೂಲರಿನ ಯೂನಿಯನ್ ನಟ್ಟು ಇಂಥವು. ಇವು ಸವೆಯುತ್ತವೆ, ಕಳೆಯುತ್ತವೆ, ಎಮ್ಮೆ ಒದ್ದರೆ ಡೊಂಕಾಗುತ್ತವೆ. ಹೊಸದು ಬರುವವರೆಗೆ ಕೆಚ್ಚಲು ಕಾಯುವುದಿಲ್ಲ. ಆಗ ಪೇಟೆಯಲ್ಲಿ ಸಿಕ್ಕ ಹಿತ್ತಾಳೆಯ ನಳಿಗೆಯನ್ನು ಬಡಿದು ಕೂರಿಸುವುದುಂಟು. ತೊಂದರೆ ಅಲ್ಲಿಂದ ಶುರು.

ಹಿತ್ತಾಳೆಯಲ್ಲಿ ತಾಮ್ರವಿದೆ. ಅದು ಲೇಶಮಾತ್ರ ಹಾಲಿಗಿಳಿದರೂ ಜಿಡ್ಡು ಬೇಗ ಕೆಟ್ಟು ಬೆಣ್ಣೆ, ತುಪ್ಪಕ್ಕೆ ಕಮಟು ವಾಸನೆ ಬರುತ್ತದೆ. ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚಾದ್ದರಿಂದ ನಷ್ಟವೂ ಹೆಚ್ಚು. ಸ್ಟೀಲೇ ಆದರೂ ಒಳಮೈ ಒರಟಾಗಿದ್ದರೆ ಗೀರುಗಳಲ್ಲಿ ಹಾಲು ಉಳಿದು, ಮುಂಜಾನೆಯ ಜೀವಾಣು ಸಂಜೆಯೊಳಗೆ ಹಲವು ಪಟ್ಟಾಗುತ್ತವೆ. ಕೂಲರು 4 ಡಿಗ್ರಿಗೆ ಇಳಿಸಿದರೂ ಹೊಕ್ಕ ಜೀವಾಣು ಸಾಯುವುದಿಲ್ಲ, ಬೆಳೆಯುವುದು ನಿಧಾನವಾಗುತ್ತದೆ ಅಷ್ಟೇ. ಎಂ.ಬಿ.ಆರ್.ಟಿ. ಪರೀಕ್ಷೆಯಲ್ಲಿ ನೀಲಿ ಬಣ್ಣ ಬೇಗ ಹಾರಿದಾಗ ಒಬ್ಬರು ಇನ್ನೊಬ್ಬರ ಕ್ಯಾನಿನ ಮೇಲೆ ಅನುಮಾನ ಪಡುತ್ತೇವೆ. ಒಂದು ಮನೆಯ ಕೆಟ್ಟ ನಳಿಗೆಯಿಂದ ಊರಿನ ಕೂಲರಿನ ಹಾಲೆಲ್ಲ ಕೆಳದರ್ಜೆಗೆ ಇಳಿಯಬಹುದು.

ಇಂಥ ಭಾಗಗಳನ್ನು ದೂರದಿಂದಲೇ ತರಿಸಬೇಕೆಂದಿಲ್ಲ. 1885ರಲ್ಲಿ ಸ್ಥಾಪನೆಯಾದ ಈ ಫಾಲ್ಸಿನ ಗಿರಣಿ ಘಟಪ್ರಭೆಯ ನೀರಿನ ಬಲದಿಂದ ನಡೆಯಲಾರಂಭಿಸಿತು. ಸ್ಪಿಂಡಲ್ ಕೂದಲೆಳೆಯಷ್ಟು ಓರೆಯಾದರೆ ನೂಲು ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಲೇಥು ಶಾಪುಗಳೂ ಇವೆ. ಕೈಗೆಲಸಕ್ಕೆ ಕೊರತೆಯಿಲ್ಲ. ಏನು ಬೇಕೆಂದು ಕೇಳಲು ನಮಗೆ ಬರಬೇಕು.

ಮೊದಲು ಸ್ಟೀಲಿನ ಜಾತಿ ಹೇಳಬೇಕು. ಹಾಲಿಗೆ 304 ಸಾಕು. ಅದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 316 ಇನ್ನೂ ಮೇಲಿನದು, ಆದರೆ ನಮ್ಮ ಕೊಟ್ಟಿಗೆಗೆ ಆ ಖರ್ಚು ಬೇಡವೆಂದು ನನ್ನ ಅಭಿಪ್ರಾಯ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202 ಅಗ್ಗ, ಕಣ್ಣಿಗೆ ಅದೇ ಹೊಳಪು, ಆದರೆ ತುಕ್ಕು ತಡೆಯುವ ಶಕ್ತಿ ಕಡಿಮೆ. ಅಂಗಡಿಯಲ್ಲಿ ಎಲ್ಲರೂ ಅಯಸ್ಕಾಂತ ಹಿಡಿದು ನೋಡುತ್ತಾರೆ. ಅದನ್ನು ನಂಬಬೇಡಿ. 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬಡಿದು ಬಗ್ಗಿಸಿದ ಅಸಲಿ 304 ಸ್ವಲ್ಪ ಅಂಟಬಹುದು! ಬಿಲ್ಲಿನ ಮೇಲೆ 304 ಎಂದು ಬರೆಸಿ, ರಾಡಿನ ಪರೀಕ್ಷಾ ಪತ್ರ ಕೇಳಿ. ಟರ್ನರ್ ಅಣ್ಣಂದಿರಿಗೆ 303 ಇಷ್ಟ, ಏಕೆಂದರೆ ಗಂಧಕ ಸೇರಿರುವ ಕಾರಣ ಲೇಥಿನಲ್ಲಿ ಸಲೀಸಾಗಿ ಕಡಿಯುತ್ತದೆ. ಅದೇ ಗಂಧಕದಿಂದ ಅದು ಬೇಗ ತುಕ್ಕಿಗೆ ಸೋಲುತ್ತದೆ. ಹಾಲು ತಾಗುವ ಕಡೆ ಅದು ಬೇಡ.

ಎರಡನೆಯದು ಒಳಮೈ. ಡೇರಿ ಸಲಕರಣೆಗೆ ಒರಟುತನ 0.8 ಮೈಕ್ರಾನಿಗಿಂತ ಹೆಚ್ಚಿರಬಾರದೆಂಬ ಲೆಕ್ಕವಿದೆ. ಹೊರಗೆ ಕನ್ನಡಿಯಂತೆ ಪಾಲಿಶ್ ಮಾಡಿ ಒಳಗೆ ಲೇಥಿನ ಸುತ್ತುಗೆರೆ ಬಿಟ್ಟ ತುಂಡು ನಮಗೆ ಉಪಯೋಗವಿಲ್ಲ. ಕಬ್ಬಿಣ ಉಜ್ಜಿದ ಚಕ್ರದಿಂದಲೇ ಸ್ಟೀಲನ್ನೂ ಉಜ್ಜಿದರೆ ಕಬ್ಬಿಣದ ಕಣ ಕೂತು ಚುಕ್ಕೆ ಚುಕ್ಕೆ ತುಕ್ಕು ಕಾಣುತ್ತದೆ. ಮನೆಯಲ್ಲಿ ಕಬ್ಬಿಣದ ನಾರಿನಿಂದ ತಿಕ್ಕಿದರೂ ಅಷ್ಟೇ. ಕ್ಲೋರಿನ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿದರೆ 304 ಕೂಡ ಸಣ್ಣ ಗುಳಿ ಬೀಳುತ್ತದೆ.

ಮಾಡಿಸುವಾಗಲೇ ಸುಧಾರಣೆಯನ್ನೂ ಕೇಳಬಹುದು. ಪದೇ ಪದೇ ಮುರಿಯುವ ನಳಿಗೆಯ ಬುಡವನ್ನು ಸ್ವಲ್ಪ ದಪ್ಪ ಮಾಡಿಸಿ, ಒಳಮೂಲೆಯನ್ನು ಚೂಪಾಗಿ ಬಿಡದೆ ದುಂಡು ಮಾಡಿಸಿ, ಬ್ರಷ್ಷು ಅಲ್ಲಿಗೆ ಮುಟ್ಟುತ್ತದೆ. ಆದರೆ ಕ್ಲಾದಲ್ಲಿರುವ ಗಾಳಿಯ ತೂತಿನ ಅಳತೆ ಬದಲಿಸಬೇಡಿ. ಸುಮಾರು 1 ಮಿ.ಮೀ. ತೂತು ಅದು. ಮುಚ್ಚಿಕೊಂಡರೆ ಹಾಲು ಸರಾಗವಾಗಿ ಇಳಿಯುವುದಿಲ್ಲ. ಮೊಳೆಯಿಂದ ಚುಚ್ಚಿ ಅಗಲ ಮಾಡಿದರೆ ವ್ಯಾಕ್ಯೂಮ್ ಇಳಿದು ಕಪ್ಪುಗಳು ಜಾರುತ್ತವೆ, ಗಾಳಿಯ ಹೊಡೆತಕ್ಕೆ ಹಾಲಿನ ಜಿಡ್ಡೂ ಒಡೆಯುತ್ತದೆ. ಕೂಲರಿನ ನಟ್ಟು ಮಾಡಿಸುವಾಗ ಅದು ಕೂಡುವ ಜೋಡಿಯನ್ನೂ ಒಯ್ಯಿರಿ. ಡೇರಿ ಯೂನಿಯನ್ನಿನ ಥ್ರೆಡ್ಡು ಸಾಮಾನ್ಯ ಪೈಪಿನದಕ್ಕಿಂತ ಬೇರೆ. ಎರಡು ಸುತ್ತು ಹೋಗಿ ಸಿಕ್ಕಿಕೊಂಡ ಸ್ಟೀಲು ನಟ್ಟನ್ನು ಬಿಡಿಸುವುದು ಪೈಲ್ವಾನನಿಗೂ ಕಷ್ಟ.

ಬೆಲೆಯ ಮಾತು. ಒಂದು ನಳಿಗೆಗೂ ಇಪ್ಪತ್ತಕ್ಕೂ ಲೇಥು ಹೊಂದಿಸುವ ಹೊತ್ತು ಒಂದೇ. ಒಬ್ಬರೇ ಹೋದರೆ ಆ ಖರ್ಚೆಲ್ಲ ನಿಮ್ಮದೇ. ಹುಕ್ಕೇರಿ ತಾಲೂಕಿನವರು 1969ರಲ್ಲಿ ಸಹಕಾರಿ ಸಂಘ ಕಟ್ಟಿ ವಿದ್ಯುತ್ತನ್ನೇ ಹಳ್ಳಿಗಳಿಗೆ ತಂದವರು. ನಾಲ್ಕಾರು ಹಾಲಿನ ಸಂಘಗಳು ಕೂಡಿ ಇಪ್ಪತ್ತು ನಳಿಗೆ ಮಾಡಿಸುವುದು ದೊಡ್ಡ ಮಾತಲ್ಲ. ಒಂದೇ ಮಾದರಿಯ ಯಂತ್ರ ಇರುವವರ ಪಟ್ಟಿಯನ್ನು ಕಾರ್ಯದರ್ಶಿಯವರು ಮಾಡಲಿ. ಸವೆಯದ ಒಂದು ಹೊಸ ತುಂಡನ್ನು ನಮೂನೆಯೆಂದು ಸಂಘದ ಕಪಾಟಿನಲ್ಲಿಡಿ. ಸವೆದದ್ದನ್ನು ನೋಡಿ ಮಾಡಿದರೆ ಹೊಸದೂ ಸವೆದ ಅಳತೆಯಲ್ಲೇ ಬರುತ್ತದೆ. ಮೊದಲು ಎರಡನ್ನೇ ಮಾಡಿಸಿ, ಹದಿನೈದು ದಿನ ನಡೆಸಿ ನೋಡಿ, ಉಳಿದ ಹದಿನೆಂಟಕ್ಕೆ ಆಮೇಲೆ ಹೇಳಿ.